ಮುಂದಾಳು ಟಗರಿನ ಗಂಟೆ

ಥೀಮಿಯೋಸ್ ಗೋಗೋಸನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಎಂದು ಬೆಟ್ಟದೂರು ಮಾವ್ರೋಲಿಥಿಯ ಜನ ಈಗಲೂ ಹೇಳುತ್ತಾರೆ. ಅವನ ಅಕ್ಕ ಕ್ರಿಸ್ತಾಲ್ಲೋ ಇದನ್ನು ಯಾವತ್ತೂ ಒಪ್ಪಲಿಲ್ಲ. ಅವಳ ಪ್ರಕಾರ ಅವನ ಸಿಟ್ಟು ಇದ್ದದ್ದು ಕಿವಿಯಲ್ಲಿ. ಬೈದರೆ ನಕ್ಕುಬಿಡುತ್ತಿದ್ದ. ಹೊಡೆದರೂ, ತಿರುಗಿ ಹೊಡೆಯಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸುತ್ತಿದ್ದ. ಆದರೆ ಮನೆಯ ಕುರಿಯ ಗಂಟೆ ಇರಬೇಕಾದ ಕಡೆ ಇರದೆ ಬೇರೆಲ್ಲೋ ಸದ್ದು ಮಾಡಿತೆಂದರೆ ಮುಗಿಯಿತು, ಅವನಿಗೆ ಹಿಂದೂ ಕಾಣುತ್ತಿರಲಿಲ್ಲ, ಮುಂದೂ ಕಾಣುತ್ತಿರಲಿಲ್ಲ.

ಅವರ ಅಪ್ಪ ನಾಸಿಯೋಸ್ ಗಂಟೆ ಕೊಳ್ಳಲು ಯಾನಿನಾ ಪಟ್ಟಣಕ್ಕೆ ಹೋದರೆ ಆ ದಿನ ಬೇರೆ ಕೆಲಸವಿಲ್ಲ. ಕಂಚುಗಾರನ ಅಂಗಡಿಯ ಕಟ್ಟೆಯ ಮೇಲೆ ಬೆಳಿಗ್ಗೆ ಕೂತರೆ ಸಂಜೆಯವರೆಗೂ ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, ಕಾಫಿ ಕುಡಿದು, ಅಂಗಡಿಯವನ ವಂಶವನ್ನೆಲ್ಲ ಬೈದು, ಕೊನೆಗೆ ಒಂದೇ ಒಂದು ಗಂಟೆ ತರುತ್ತಿದ್ದ. ಕುರಿ ಮಾರಬಹುದು, ಗಂಟೆ ಮಾರುವಂತಿಲ್ಲ. ಅದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುವಂಥದ್ದು. ಬೀಜ ಒಡೆದ ಮುಂದಾಳು ಟಗರಿಗೆ ಎಲ್ಲಕ್ಕಿಂತ ದೊಡ್ಡ ಗಂಟೆ. ಅದರ ಬೆನ್ನ ಹಿಂದೆ ನಡೆಯುವ ಎರಡನೆಯ ಟಗರಿಗೆ ಸ್ವಲ್ಪ ಚಿಕ್ಕದು. ಆಮೇಲೆ ಹೆಣ್ಣು ಕುರಿಗಳಿಗೆ, ಸದ್ದು ಸದ್ದಿಗೆ ಕೂಡಿಕೊಳ್ಳುವ ಹಾಗೆ. ಹಿಂಡು ಕಣ್ಣಿಗೆ ಬೀಳುವ ಮೊದಲೇ ಇದು ಗೋಗೋಸನ ಮನೆಯದು ಎಂದು ಕಣಿವೆಯ ಆಚೆಯವರಿಗೂ ತಿಳಿಯಬೇಕು. ಮನೆಯಲ್ಲಿ ಸಾವಾದರೆ ಮಾತ್ರ ಎಲ್ಲ ಗಂಟೆಯನ್ನೂ ಬಿಚ್ಚಿ ಚೀಲಕ್ಕೆ ಹಾಕುತ್ತಾರೆ. ಶೋಕ ಕಳೆಯುವವರೆಗೆ ಹಿಂಡು ಮೂಕವಾಗಿಯೇ ಮೇಯಬೇಕು.

ಥೀಮಿಯೋಸನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ತೊರೆಯ ಹತ್ತಿರ ಕುರಿ ಬಿಟ್ಟುಕೊಂಡು ಕೂತಿದ್ದರು. ಎದುರು ದಾರಿಯಲ್ಲಿ ಬೇರೆ ಊರಿನವರ ಹಿಂಡು ಹೋಗುತ್ತಿತ್ತು. ಅದರೊಳಗಿಂದ ಒಂದು ಕಿರುಗಂಟೆ ಕೇಳಿತು. ಕ್ರಿಸ್ತಾಲ್ಲೋಗೂ ಗುರುತು ಸಿಕ್ಕಿತು, ಅದು ಹೋದ ವಾರ ಕಳೆದುಹೋದ ತಮ್ಮ ಕುರಿಯದು. ಅಪ್ಪನನ್ನು ಕರೆಯೋಣ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಇವನು ತೊರೆ ದಾಟಿಯಾಗಿತ್ತು. ಎದುರಿಗೆ ಎಷ್ಟು ಜನ ಇದ್ದಾರೆ, ಕೈಯಲ್ಲಿ ಏನಿದೆ, ಏನನ್ನೂ ನೋಡಲಿಲ್ಲ. ಕೋಲೊಂದನ್ನು ಹಿಡಿದು, ಅಮ್ಮ ಕೇಳಿದ್ದರೆ ಬಾಯಿಗೆ ಬರೆ ಹಾಕುವಂಥ ಬೈಗುಳ ಕೂಗುತ್ತ ನುಗ್ಗಿದ. ಒಬ್ಬನ ಕೈ ಕಚ್ಚಿ ರಕ್ತ ಬರಿಸಿದ. ತನ್ನ ತಲೆಯನ್ನೂ ಒಡೆಸಿಕೊಂಡ. ಕುರಿ ಮಾತ್ರ ವಾಪಸು ಬಂತು.

ಆ ಸಂಜೆ ನಾಸಿಯೋಸ್ ಮಗನ ತಲೆಗೆ ಪಟ್ಟಿ ಕಟ್ಟಿಸಿ ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದ. "ನೋಡ್ರೋ, ಇದು ಕಿವಿ ಅಂದ್ರೆ!" ಎಂದು ಬೀಗಿದ. ಮಗನಿಗೆ ಬುದ್ಧಿ ಹೇಳಬೇಕಾದ ಹೊತ್ತಿನಲ್ಲಿ ಅಪ್ಪಂದಿರು ಹೀಗೆ ಬೀಗುತ್ತಾರೆ. ಇದನ್ನು ನೆನೆದರೆ ಕ್ರಿಸ್ತಾಲ್ಲೋಗೆ ಮುದುಕಿಯಾದ ಮೇಲೂ ಮೈ ಉರಿಯುತ್ತಿತ್ತು.

ದೊಡ್ಡವನಾದ ಮೇಲೆ ಅವನು ಎಲ್ಲ ಬಡವರ ಮಕ್ಕಳಂತೆ ದೊಡ್ಡವರು ಕರೆದ ಕಡೆಗೆಲ್ಲ ಹೋದ. ಆಲ್ಬೇನಿಯಾದ ಹಿಮದಲ್ಲಿ ಇಟಲಿಯವರೊಡನೆ ಹೊಡೆದಾಡಿ ಕಾಲ್ಬೆರಳು ಕಳೆದುಕೊಂಡು ಬಂದ. ಕ್ರಿಸ್ತಾಲ್ಲೋಳ ಗಂಡ ಅಲ್ಲಿಂದ ಬರಲೇ ಇಲ್ಲ. ಜರ್ಮನ್ನರು ಬಂದಾಗ ಥೀಮಿಯೋಸ್ ಬಂದೂಕು ಹಿಡಿದು ಬೆಟ್ಟ ಹತ್ತಿದ. ಅವರು ಹೋದ ಮೇಲೆ ಯುದ್ಧ ಮುಗಿಯಿತು, ಬಂದೂಕು ಒಪ್ಪಿಸಿ ಮನೆಗೆ ಹೋಗಿ ಎಂದು ಮೇಲಿನವರು ಒಪ್ಪಂದ ಮಾಡಿಕೊಂಡರು. ಇವನು ನಂಬಿದ. ಬಂದೂಕನ್ನು ಎಣ್ಣೆ ಹಾಕಿ ಒರೆಸಿ ಒಪ್ಪಿಸಿ, ಕುರಿ ಕಾಯಲು ಹೋದ. ಜರ್ಮನ್ನರ ಬೂಟು ನೆಕ್ಕಿದವರಿಗೆ ಹೊಸ ಸರ್ಕಾರದಲ್ಲಿ ಹೊಸ ಸಮವಸ್ತ್ರ ಸಿಕ್ಕಿತು. ಬೆಟ್ಟದಲ್ಲಿ ಹಸಿದು ಹೊಡೆದಾಡಿದವರ ಮನೆಗಳಿಗೆ ಪೋಲೀಸರು ಹುಡುಕಿಕೊಂಡು ಬಂದರು. ಇಂಥ ನ್ಯಾಯಕ್ಕೆ ಏನೆನ್ನಬೇಕೋ ಗೊತ್ತಿಲ್ಲ, ಉಗಿಯೋಣವೆಂದರೆ ಎಂಜಲೂ ದಂಡ.

ಊರಿನ ಪೋಲೀಸ್ ಚೌಕಿಗೆ ಬಂದ ಸಾರ್ಜಂಟನ ಹೆಸರು ಪೆಪ್ಪಾಸ್. ದಕ್ಷಿಣದ ಕಡೆಯವನು, ತಾನೂ ಕುರಿಗಾರನ ಮಗನೇ. ಈಸ್ಟರ್ ಹಬ್ಬಕ್ಕೆ ಅವನ ಜನ ಬಂದು ಗೋಗೋಸನ ಹಿಂಡಿನ ಮುಂದಾಳು ಟಗರನ್ನೇ ಎಳೆದುಕೊಂಡು ಹೋಗಿ ಸುಟ್ಟು ತಿಂದರು. ಬೇರೆ ಕುರಿ ಇರಲಿಲ್ಲವೆಂದಲ್ಲ. ಮುಂದಾಳನ್ನು ಕಡಿದರೆ ಮನೆಯ ಗರ್ವ ಮುರಿಯುತ್ತದೆ ಎಂದು ಕುರಿಗಾರನ ಮಗನಿಗೆ ಗೊತ್ತಿತ್ತು.

ಥೀಮಿಯೋಸ್ ಚೌಕಿಗೆ ಹೋದ. ಜಗಳಕ್ಕೆ ಹೋಗಲಿಲ್ಲ, ಟೋಪಿ ಕೈಯಲ್ಲಿ ಹಿಡಿದೇ ಹೋದ.

"ಟಗರು ತಿಂದ್ರಿ, ತಿನ್ನಿ. ಗಂಟೆ ಕೊಡಿ ಸಾರ್ಜಂಟರೇ. ಅದು ನಮ್ಮಜ್ಜಂದು."

"ಗಂಟೆ ಬೇಕಾ? ಅಯ್ಯೋ, ಕೊಡೋಣಂತೆ. ಬಾ ಇಲ್ಲಿ, ಹತ್ತಿರ ಬಾ," ಎಂದ ಪೆಪ್ಪಾಸ್.

ಪೋಲೀಸರು ಅವನ ತೋಳು ಹಿಡಿದುಕೊಂಡರು. ಪೆಪ್ಪಾಸ್ ತನ್ನ ಕೈಯಾರೆ ಆ ಗಂಟೆಯನ್ನು ಅವನ ಕೊರಳಿಗೆ ಕಟ್ಟಿದ. ಚಿನಾರ್ ಮರದ ಕೆಳಗಿನ ಚೌಕದಲ್ಲಿ ಅವನನ್ನು ಸುತ್ತು ಹೊಡೆಸಿದರು. ಹೆಜ್ಜೆ ಇಟ್ಟಾಗಲೆಲ್ಲ ಢಣ್ ಎನ್ನುತ್ತಿತ್ತು. ಕಾಫಿ ಅಂಗಡಿಯವರು ನೋಡಿದರು. ಇವನಿಗೆ ದೀಕ್ಷಾಸ್ನಾನ ಮಾಡಿಸಿದ ಪಾದ್ರಿ ನೋಡಿದ. ಕೆಲವರು ನಕ್ಕರು. ಹೆದರಿ ನಕ್ಕೆವು ಎಂದು ಆಮೇಲೆ ಹೇಳಿಕೊಂಡರು, ಹೆದರಿದವನಿಗೆ ಸುಮ್ಮನಿರಲು ಬರುವುದಿಲ್ಲವೇ? ಕ್ರಿಸ್ತಾಲ್ಲೋ ನೀರಿನ ಕೊಡ ಹೊತ್ತು ನಿಂತಲ್ಲೇ ನಿಂತಿದ್ದಳು. ತಮ್ಮ ಒಂದೇ ಒಂದು ಸಲ ಅವಳ ಕಡೆ ನೋಡಿದ, ಆಮೇಲೆ ನೆಲ ನೋಡಿಕೊಂಡು ನಡೆದ.

ಮನೆಗೆ ಬಂದು ಗಂಟೆಯನ್ನು ಬಿಚ್ಚಿ ತೊಳೆದ. ಒಣಗಿಸಿದ. ಎರಡು ವರ್ಷದ ಕಪ್ಪು ಟಗರು ಮುರ್ಗೋಸನನ್ನು ಹಿಡಿದು ತಂದು ಅದರ ಕೊರಳಿಗೆ ಕಟ್ಟಿ, "ಇನ್ಮೇಲೆ ಇದು ನಿಂದು, ಬೇರೆ ಯಾವನ ಕೊರಳಿಗೂ ಹೋಗ್ಕೂಡದು" ಎಂದ. ಅಮ್ಮ ಮಾಡಿದ ಊಟ ಮುಟ್ಟದೆ ಬೆಟ್ಟಕ್ಕೆ ಹೊರಟುಹೋದ.

ಇನ್ನು ಅವನ ದೊಡ್ಡಸ್ತಿಕೆಯ ಮಾತು. ಸರ್ಕಾರದ ಪತ್ರಿಕೆಗಳು ಅವನನ್ನು ದರೋಡೆಕೋರ ಎಂದವು, ಸರ್ಕಾರದ ವಿರುದ್ಧ ಮತ್ತೆ ಬಂದೂಕು ಎತ್ತಿದ್ದ ಬೆಟ್ಟದವರ ರೇಡಿಯೋ ಜನರ ಮಗ ಎಂದಿತು. ಅವನು ಎರಡೂ ಆಗಿದ್ದ, ಇದನ್ನು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕಪ್ತಾನನಾಗಿ ಅವನಿಗೆ ಸಮ ಇರಲಿಲ್ಲ. ಯಾವ ಕೊರಕಲಿನಲ್ಲಿ ಸದ್ದು ಎಲ್ಲಿಗೆ ಹೋಗುತ್ತದೆ, ಯಾವ ಬಂಡೆಯ ಹಿಂದೆ ನಿಂತರೆ ಕೆಮ್ಮಿದ್ದೂ ಕೇಳುವುದಿಲ್ಲ ಎಂಬುದೆಲ್ಲ ಅವನಿಗೆ ಅಂಗೈಯಷ್ಟು ಗೊತ್ತು. ರೊಟ್ಟಿ ಹಂಚುವಾಗ ತನ್ನ ಪಾಲನ್ನು ಕೊನೆಗೆ ತೆಗೆದುಕೊಳ್ಳುತ್ತಿದ್ದ. ಪೋಲೀಸರ ಚೌಕಿಗಳನ್ನು ಒಂದಾದ ಮೇಲೊಂದರಂತೆ ಸುಟ್ಟ. ಜನ ಅವನನ್ನು ಬೆನ್ನ ಹಿಂದೆ ಗಂಟೆ ಕಪ್ತಾನ ಎಂದು ಕರೆಯುತ್ತಿದ್ದರು. ಎದುರಿಗೆ ಆ ಮಾತಾಡಿದವನೊಬ್ಬನ ಹಲ್ಲು ಉದುರಿದ ಮೇಲೆ ಎದುರಿಗೆ ಯಾರೂ ಕರೆಯಲಿಲ್ಲ.

ಆದರೆ ಸರ್ಕಾರದ ಪಡೆಗೆ ಹಿಟ್ಟು ಹೊತ್ತುಕೊಟ್ಟ ಎಂಬ ಕಾರಣಕ್ಕೆ ಒಬ್ಬ ಹೇಸರಗತ್ತೆಯವನನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿಸಿದವನೂ ಅವನೇ. ಸೈನಿಕರು ಆ ಬಡಪಾಯಿಯ ಬೆನ್ನಿಗೆ ಬಂದೂಕು ಹಿಡಿದು ಹೊರಿಸಿದ್ದರು. ಮನೆಗೊಬ್ಬರಂತೆ ಹುಡುಗ ಹುಡುಗಿಯರನ್ನು ತನ್ನ ಪಡೆಗೆ ಎಳೆದುಕೊಂಡು ಹೋದವನೂ ಅವನೇ. ಪಕ್ಕದ ಮನೆಯ ಲೆಂಗೋಳ ಮಗಳು ಒರಾನಿಯಾ ಹೀಗೇ ಹೋದಳು. ಅವಳು ಇವನ ಧರ್ಮಪುತ್ರಿ. ಅವಳನ್ನು ದೀಕ್ಷಾಸ್ನಾನದ ನೀರಿನಿಂದ ಎತ್ತಿಕೊಂಡು, ದೇವರ ಮುಂದೆ ಅವಳ ಪರವಾಗಿ ಮಾತು ಕೊಟ್ಟವನು ಇವನು.

ಕ್ರಿಸ್ತಾಲ್ಲೋಗೆ ತಡೆಯಲಾಗಲಿಲ್ಲ. ಮುಸುಕಿನ ಜೋಳದ ರೊಟ್ಟಿ, ಚೀಸು ಗಂಟು ಕಟ್ಟಿಕೊಂಡು ಬೆಟ್ಟ ಹತ್ತಿದಳು. ತಮ್ಮ ಬಂಡೆಯ ಮೇಲೆ ಕೂತು ಬೂಟಿಗೆ ಹಗ್ಗ ಸುತ್ತುತ್ತಿದ್ದ. ಸುತ್ತ ಅವನ ಜನ.

"ಏನಕ್ಕಾ, ರೊಟ್ಟಿ ತಂದ್ಯಾ?"

"ರೊಟ್ಟಿ ತಂದಿದೀನಿ. ಒರಾನಿಯಾ ಎಲ್ಲೋ?"

"ಗ್ರಾಮೋಸ್ ಬೆಟ್ಟದ ಕಡೆ ಇದಾಳೆ. ಗಾಯ ಆದೋರನ್ನ ಹೊರೋ ಕೆಲಸ. ಚೆನ್ನಾಗೇ ಇದಾಳೆ."

"ಚೆನ್ನಾಗಿದಾಳಾ? ಅವಳಮ್ಮನಿಗೆ ಬಂದು ಹೇಳು ಹಂಗಾದ್ರೆ. ಬಂದೂಕು ಹಿಡ್ಕೊಂಡು ಆ ಬಾಗ್ಲಿಗೆ ಹೋಗೋಕೆ ಆಗುತ್ತೆ, ಸುದ್ದಿ ಹೇಳೋಕೆ ಹೋಗೋಕೆ ಆಗಲ್ವಾ?"

"ಮೇಲಿಂದ ಆರ್ಡರ್ ಬಂದಿತ್ತಕ್ಕಾ. ಮನೆಗೊಬ್ರು ಅಂತ. ಧರ್ಮಪುತ್ರಿ ಅಂತ ಬಿಟ್ಟಿದ್ರೆ ಬೇರೆಯೋರ ಮನೆ ಬಾಗ್ಲಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ ನಾನು?"

"ಮೇಲಿಂದ! ಪೆಪ್ಪಾಸನೂ ಹಂಗೇ ಅಂತಾನೆ, ಮೇಲಿಂದ ಆರ್ಡರ್ ಅಂತ. ನಿಮ್ಮಿಬ್ಬರಿಗೂ ಮೇಲಿರೋನು ಒಬ್ನೇನೋ?"

ಅವನ ದವಡೆ ಬಿಗಿಯಿತು. "ಅವನ ಹೆಸರು ನನ್ನ ಜೊತೆ ಸೇರಿಸ್ಬೇಡ."

"ಸೇರಿಸ್ತೀನಿ, ಏನಿವಾಗ? ಅವನು ನಿನ್ನ ಕೊರಳಿಗೆ ಗಂಟೆ ಕಟ್ಟಿ ತಿರುಗಿಸ್ದ. ನೀನು ಕಂಡೋರ ಮಕ್ಕಳ ಕೊರಳಿಗೆ ಬಂದೂಕು ಕಟ್ಟಿ ತಿರುಗಿಸ್ತಿದೀಯ. ಆ ಮಗು ರಾತ್ರಿ ಹೊರಗೆ ಹೋಗೋಕೂ ಅಮ್ಮನ ಕೈ ಹಿಡ್ಕೊಳ್ತಿತ್ತು ಕಣೋ."

ಸುತ್ತ ಕೂತವರು ಒಬ್ಬೊಬ್ಬರೇ ಎದ್ದು ಅತ್ತ ಹೋದರು. ಕಪ್ತಾನನನ್ನು ಹೀಗೆ ಬೈಯುವುದನ್ನು ಅವರು ಕಂಡಿರಲಿಲ್ಲ. ಥೀಮಿಯೋಸ್ ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಚ್ಚಿದ. ಆಮೇಲೆ ಕೇಳಿದ, "ಮುರ್ಗೋಸನ ಕೊರಳು ಹುಣ್ಣಾಗಿತ್ತಲ್ಲ, ವಾಸಿ ಆಯ್ತಾ? ಪಟ್ಟಿ ಸ್ವಲ್ಪ ಸಡ್ಲ ಮಾಡಕ್ಕಾ."

ಕ್ರಿಸ್ತಾಲ್ಲೋಗೆ ಅಳು ಬಂತೋ ಸಿಟ್ಟು ಬಂತೋ ಅವಳಿಗೇ ತಿಳಿಯಲಿಲ್ಲ. ಹುಡುಗಿಯ ಬಗ್ಗೆ ಕೇಳಿದರೆ ಟಗರಿನ ಕೊರಳು! ತಿರುಗಿ ನೋಡದೆ ಇಳಿದು ಬಂದಳು. ಆ ಬೇಸಿಗೆ ಒರಾನಿಯಾ ಗ್ರಾಮೋಸಿನಲ್ಲಿ ಸತ್ತಳು. ಸ್ಟ್ರೆಚರಿನ ಹಿಂದಿನ ಕಂಬ ಹಿಡಿದಿದ್ದಳಂತೆ. ಲೆಂಗೋ ಅಂದಿನಿಂದ ಗೋಗೋಸನ ಮನೆಯ ಬಾವಿಗೆ ಬರುವುದನ್ನು ಬಿಟ್ಟಳು.

ಅದೇ ಬೇಸಿಗೆಯ ಕೊನೆಗೆ ಪೆಪ್ಪಾಸ್ ಮುದುಕ ನಾಸಿಯೋಸನನ್ನು ಚೌಕಿಗೆ ಕರೆಸಿದ. ಮಗ ಎಲ್ಲಿದ್ದಾನೆ ಎಂದು ಕೇಳಿದ್ದಕ್ಕೆ ಮುದುಕ, "ಬೆಟ್ಟ ದೊಡ್ಡದಿದೆ, ಹತ್ತಿ ನೋಡು" ಎಂದನಂತೆ. ಅವನನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ಕಳಿಸಿದರು. ಭಾನುವಾರದ ಹೊತ್ತಿಗೆ ಸತ್ತ. ಸತ್ತವರ ಹೆಸರಿನಲ್ಲಿ ಕೊಡುವ ಬೇಯಿಸಿದ ಗೋಧಿಯನ್ನು ಕ್ರಿಸ್ತಾಲ್ಲೋ ಚರ್ಚಿನ ಬಾಗಿಲಲ್ಲಿ ಹಂಚಿದಳು. ಹಿಂಡಿನ ಗಂಟೆಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ಹಾಕಿದಳು. ಅಮ್ಮ ಅಂದು ಹಿಡಿದ ಹಾಸಿಗೆ ಬಿಡಲಿಲ್ಲ.

ಸುದ್ದಿ ಥೀಮಿಯೋಸನಿಗೂ ಮುಟ್ಟಿತು. ಅವನು ನಂಬಲಿಲ್ಲ. ಬೆಟ್ಟದವರನ್ನು ಕೆಳಗಿಳಿಸಲು ಪೋಲೀಸರು ದಿನವೂ ಇಂಥ ಸುದ್ದಿ ಹುಟ್ಟಿಸುತ್ತಿದ್ದರು, ಅಮ್ಮ ಸತ್ತಳು, ಹೆಂಡತಿ ಓಡಿಹೋದಳು ಎಂದು. "ನಮ್ಮ ಹಿಂಡು ಮೂಕವಾಗಿರೋದನ್ನ ನನ್ನ ಕಿವಿಯಾರೆ ಕೇಳೋವರೆಗೆ ನಮ್ಮಪ್ಪ ಸತ್ತಿಲ್ಲ," ಎಂದು ಅವನು ಸಂಗಡಿಗರಿಗೆ ಹೇಳಿದ್ದ.

ಆ ಮಾತು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಯಿತು. ಸಂತ ದಿಮಿತ್ರಿಯ ಹಬ್ಬ ಹತ್ತಿರ ಬಂದಿತ್ತು, ಕುರಿಗಾರರು ಚಳಿಗಾಲಕ್ಕೆ ಬಯಲಿಗೆ ಇಳಿಯುವ ಕಾಲ. ಗ್ರಾಮೋಸಿನಲ್ಲಿ ಸೋತು ಚೆದುರಿದ ಬೆಟ್ಟದವರು ಗುಂಪು ಗುಂಪಾಗಿ ಗಡಿಯ ಕಡೆ ಜಾರುತ್ತಿದ್ದರು. ಪೆಪ್ಪಾಸ್ ಒಂದು ಬೆಳಿಗ್ಗೆ ಸೈನಿಕರನ್ನು ಕಟ್ಟಿಕೊಂಡು ಬೇಸಿಗೆಯ ಹಟ್ಟಿಗೇ ಬಂದ. ಕ್ರಿಸ್ತಾಲ್ಲೋ ಹಾಲು ಕರೆಯುತ್ತಿದ್ದಳು.

"ಗಂಟೆಗಳನ್ನ ಎಲ್ಲಿಟ್ಟಿದೀಯಮ್ಮಾ ಕ್ರಿಸ್ತಾಲ್ಲೋ?"

"ಸಾವಿನ ಮನೆ ಸಾರ್ಜಂಟರೇ, ಬಿಚ್ಚಿದೀವಿ. ನಿಮಗೆ ಗೊತ್ತಿರ್ಬೇಕಲ್ಲ, ಸಾಯಿಸ್ದೋರು ನೀವೇ."

ಪೆಪ್ಪಾಸ್ ಸಿಟ್ಟಾಗಲಿಲ್ಲ. ಕಲ್ಲಿನ ಮೇಲೆ ಕೂತು ಸಿಗರೇಟು ಹಚ್ಚಿದ. "ಕಟ್ಟು ಅವನ್ನ. ನಿನ್ನ ತಮ್ಮ ಮೇಲೆ ಪೈನ್ ಕಾಡಲ್ಲಿದಾನೆ. ನಿನ್ನೆ ಅವನ ಕಡೆಯೋನೊಬ್ಬ ಸಿಕ್ಕಿಬಿದ್ದು ಎಲ್ಲಾ ಬಾಯಿಬಿಟ್ಟ. ಹಿಂಡು ಮೂಕವಾಗಿದ್ರೆ ಅಪ್ಪ ಹೋದ ಅಂತ ತಿಳ್ಕೊಂಡು ಗಡಿ ದಾಟ್ತಾನೆ. ಗಂಟೆ ಕೇಳಿದ್ರೆ ಅಪ್ಪನ್ನ ನೋಡೋಕೆ ಇಳೀತಾನೆ."

"ನಿಮ್ಮ ಹುಡುಗರ ಕೈಲೇ ಕಟ್ಸಿ."

"ಅವರು ಕಟ್ಟಿದ್ರೆ ಯಾವುದ್ಯಾವುದಕ್ಕೋ ಕಟ್ತಾರೆ. ಅವನ ಕಿವಿ ಎಂಥದು ಅಂತ ಈ ಸೀಮೆಗೆಲ್ಲಾ ಗೊತ್ತು. ನೀನೇ ಕಟ್ಬೇಕು. ಇಲ್ಲಾಂದ್ರೆ ಕುರಿ ಪಡೆ ಅಡುಗೆಮನೆಗೆ, ನೀನು ದ್ವೀಪದ ಜೈಲಿಗೆ. ನಿಮ್ಮಮ್ಮನ ಬಾಯಿಗೆ ನೀರು ಬಿಡೋರು ಯಾರು ಅಂತ ನೀನೇ ಯೋಚ್ನೆ ಮಾಡು."

ಕ್ರಿಸ್ತಾಲ್ಲೋ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು. ಇಲ್ಲ ಎಂದರೆ ಅಮ್ಮ ಸಾಯುತ್ತಾಳೆ, ಹೂಂ ಎಂದರೆ ತಮ್ಮ ಸಾಯುತ್ತಾನೆ. ಆ ಕ್ಷಣದಲ್ಲಿ ಅವಳಿಗೆ ಪೆಪ್ಪಾಸನ ಮೇಲೆ ಬಂದಷ್ಟೇ ಸಿಟ್ಟು ತಮ್ಮನ ಮೇಲೂ ಬಂತು. ಇಷ್ಟೆಲ್ಲ ಬೆಟ್ಟ ಇರುವಾಗ ಈ ಬೆಟ್ಟಕ್ಕೇ ಬರಬೇಕಿತ್ತೇ? ಚೀಲ ತಂದು ನೆಲಕ್ಕೆ ಸುರಿದಳು. ಸುರಿದ ಗಂಟೆಗಳ ಸದ್ದಿನಲ್ಲೇ ಅವಳಿಗೆ ದಾರಿ ಹೊಳೆಯಿತು.

ತಪ್ಪಾಗಿ ಕಟ್ಟಬೇಕು. ಪೆಪ್ಪಾಸನಿಗೆ ತಿಳಿಯದಷ್ಟು, ಥೀಮಿಯೋಸನಿಗೆ ಮಾತ್ರ ತಿಳಿಯುವಷ್ಟು. ದೊಡ್ಡ ಗಂಟೆಯನ್ನು ಮುರ್ಗೋಸನಿಗೆ ಕಟ್ಟದೆ ಎರಡನೆಯ ಟಗರು ಲಿಯಾರೋಸನಿಗೆ ಕಟ್ಟಿದಳು. ಲಿಯಾರೋಸನದನ್ನು ಮುರ್ಗೋಸನಿಗೆ ಹಾಕಿದಳು. ಹಿಂಡು ನಡೆದರೆ ಮುಂದೆ ಇರಬೇಕಾದ ಸದ್ದು ಹಿಂದಿನಿಂದ ಬರುತ್ತದೆ. ಮನೆಯವರು ಇದ್ದರೆ ಇಂಥ ತಪ್ಪು ಆಗುವುದೇ ಇಲ್ಲ, ಹಾಗಾದರೆ ಇದು ಬಲೆ ಎಂದು ಅವನಿಗೆ ಅರ್ಥವಾಗುತ್ತದೆ, ಬಂದ ದಾರಿ ಹಿಡಿದು ಗಡಿ ದಾಟುತ್ತಾನೆ. ಅವಳ ಲೆಕ್ಕ ಅದು. ಪೆಪ್ಪಾಸ್ ಹತ್ತಿರವೇ ನಿಂತು ನೋಡಿದ, ತಲೆ ವಾಲಿಸಿ ಆಲಿಸಿದ.

"ಒಳ್ಳೇ ಗಂಟೆ," ಎಂದ. "ನಮ್ಮಪ್ಪನ ಹತ್ರ ಇಂಥದು ಇರ್ಲಿಲ್ಲ."

ಬಿಸಿಲು ನೆತ್ತಿಗೆ ಬಂದಾಗ ಹಿಂಡನ್ನು ಕಾಡಿನ ಕೆಳಗಿನ ಇಳಿಜಾರಿಗೆ ಹೊಡೆಸಿದರು. ಸೈನಿಕರು ಹಟ್ಟಿಯ ಕಲ್ಲುಗೋಡೆಯ ಹಿಂದೆ ಮಲಗಿದರು. ಕ್ರಿಸ್ತಾಲ್ಲೋಳನ್ನು ಹಟ್ಟಿಯ ಬಾಗಿಲಲ್ಲೇ ಕೂರಿಸಿಕೊಂಡರು. ಕುರಿಗಳು ಮೇಯುತ್ತ ಮೇಲೇರಿದವು. ಮುಂದೆ ಲಿಯಾರೋಸನ ಗಂಟೆಯ ಸಣ್ಣ ದನಿ, ಹಿಂದೆಲ್ಲೋ ಅಜ್ಜನ ಗಂಟೆ ಢಣ್, ಢಣ್. ಅವಳಿಗೆ ಆ ಸದ್ದು ಕೇಳಲಾಗದಷ್ಟು ಕೆಟ್ಟದಾಗಿತ್ತು. ಅಷ್ಟು ಕೆಟ್ಟದಾಗಿದೆ ಎಂಬುದೇ ಅವಳಿಗೆ ಸಮಾಧಾನ. ಕಾಡಿನಿಂದ ಏನೂ ಕೇಳದಿದ್ದರೆ ಅವನು ತಿಳಿದುಕೊಂಡ ಎಂದರ್ಥ.

ಕಾಡು ಸುಮ್ಮನಿತ್ತು. ಕುರಿಗಳು ಅರ್ಧ ಇಳಿಜಾರು ಹತ್ತಿದವು. ಪೆಪ್ಪಾಸ್ ಇನ್ನೊಂದು ಸಿಗರೇಟು ತೆಗೆದು, ಹಚ್ಚದೆ ಹಾಗೇ ಇಟ್ಟುಕೊಂಡ. ಹೋದ, ಹೋಗಿಬಿಟ್ಟ, ಬದುಕಿದ ಎಂದು ಕ್ರಿಸ್ತಾಲ್ಲೋ ಒಳಗೊಳಗೇ ಶಿಲುಬೆಯ ಗುರುತು ಹಾಕಿಕೊಂಡಳು.

ಆಗ ಮೇಲಿನಿಂದ ಗುಡುಗಿದಂತೆ ದನಿ ಬಂತು.

"ಲೋ! ಯಾವನೋ ಅವನು! ಯಾರಪ್ಪನ ಕುರಿ ಅಂತ ಹೊಡ್ಕೊಂಡು ಹೋಗ್ತಿದೀಯೋ ಕಳ್ಳ ನನ್ಮಗನೇ! ಕೈ ಮುರೀತೀನಿ, ನಿಲ್ಲೋ ಅಲ್ಲೇ!"

ಕಪ್ತಾನ ಥೀಮಿಯೋಸ್ ಕಾಡಿನಿಂದ ಬಯಲಿಗೆ ಬಂದ. ಬಂದೂಕು ಬೆನ್ನ ಮೇಲೆ ಇತ್ತು. ಕೈಯಲ್ಲಿ ಒಂದು ಕೋಲು. ಎದುರಿಗೆ ಎಷ್ಟು ಜನ, ಗೋಡೆಯ ಹಿಂದೆ ಏನು, ಏನನ್ನೂ ನೋಡಲಿಲ್ಲ. ಕುಂಟು ಕಾಲಿನಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುತ್ತ, ಅಜ್ಜನ ಗಂಟೆಯನ್ನು ಬೇರೆ ಕೊರಳಿಗೆ ಕಟ್ಟಿದವನ ವಂಶವನ್ನೆಲ್ಲ ಬೈಯುತ್ತ ಇಳಿದ. ವರ್ಷಗಟ್ಟಲೆ ಸರ್ಕಾರದ ಇಡೀ ಪಡೆಯ ಕಣ್ಣಿಗೆ ಮಣ್ಣೆರಚಿದ ಮನುಷ್ಯ, ಕುರಿಕಳ್ಳನನ್ನು ಹಿಡಿಯಲು ಕೋಲು ಹಿಡಿದು ಬಂದ.

ಕ್ರಿಸ್ತಾಲ್ಲೋಗೆ ಆಗ ತೊರೆ ನೆನಪಾಯಿತು. ಚಿನಾರ್ ಮರದ ಚೌಕ ನೆನಪಾಯಿತು. ಎಲ್ಲವನ್ನೂ ಕಣ್ಣಾರೆ ಕಂಡವಳು ತಾನು. ತಪ್ಪು ಗಂಟೆ ಕೇಳಿದರೆ ಓಡಿಹೋಗುವ ಮನುಷ್ಯನೇ ಅವನು?

"ಹೋಗೋ! ಹಿಂದಕ್ಕೆ ಹೋಗೋ ಕತ್ತೇ! ಓಡೋ!"

ದನಿಯ ಗುರುತು ಹಿಡಿದು ಅವನು ನಿಂತ. ಇಳಿಜಾರಿನ ನಟ್ಟನಡುವೆ, ಅಕ್ಕನನ್ನು ಕಂಡ. ಮುಖದ ಸಿಟ್ಟೆಲ್ಲ ಇಳಿದುಹೋಯಿತು. ಕಳ್ಳನಲ್ಲ, ಅಕ್ಕ. ಕೋಲನ್ನು ನೆಲಕ್ಕೆ ಊರಿ, ಉಸಿರೆಳೆದುಕೊಂಡು, ಮನೆಯಂಗಳದಲ್ಲಿ ನಿಂತು ಗೊಣಗುವಂತೆ ಕೂಗಿದ.

"ಏನಕ್ಕಾ ಇದು! ದೊಡ್ಡದನ್ನ ಲಿಯಾರೋಸನಿಗೆ ಕಟ್ಟಿದೀಯ! ಗಂಟೆ ಕಟ್ಟೋದೂ ಮರ್ತೋಯ್ತಾ ನಿಂಗೆ?"

ಗೋಡೆಯ ಹಿಂದಿನಿಂದ ಗುಂಡು ಹಾರಿದವು. ಕುರಿಗಳು ದಿಕ್ಕಾಪಾಲಾದವು.

ಕಪ್ತಾನ ಭೀಕರ ಕಾಳಗದ ನಂತರ ಹತನಾದ ಎಂದು ಸರ್ಕಾರದ ಪತ್ರಿಕೆ ಬರೆಯಿತು. ಸಂಗಡಿಗರ ಪ್ರಾಣ ಉಳಿಸಲು ಒಬ್ಬನೇ ಶತ್ರುಗಳಿಗೆ ಎದೆಯೊಡ್ಡಿದ ಎಂದು ಬೆಟ್ಟದವರ ರೇಡಿಯೋ ಹೇಳಿತು. ಎರಡೂ ಸುಳ್ಳು. ಮನುಷ್ಯ ಸತ್ತ ಮೇಲಾದರೂ ಅವನನ್ನು ಅವನ ಪಾಡಿಗೆ ಬಿಡಲು ಇವರಿಗೆ ಆಗುವುದಿಲ್ಲ.

ಹೆಣವನ್ನು ಹೇಸರಗತ್ತೆಯ ಮೇಲೆ ಹಾಕಿ ಕಟ್ಟಿದರು. ಚೌಕದಲ್ಲಿ ಊರಿಗೆಲ್ಲ ತೋರಿಸಬೇಕಿತ್ತು. ಕ್ರಿಸ್ತಾಲ್ಲೋ ತಲೆಯ ಮೇಲಿನ ಕಪ್ಪು ಬಟ್ಟೆ ಬಿಚ್ಚಿ ಕೂದಲು ಕೆದರಿಕೊಂಡಳು. ಅದನ್ನು ಕಂಡು ಪೆಪ್ಪಾಸ್ ಕೈ ಎತ್ತಿದ.

"ಶೋಕದ ಹಾಡು ಹಾಡಂಗಿಲ್ಲ. ದರೋಡೆಕೋರನಿಗೆ ಅಳೋದು ಅಪರಾಧ. ಒಂದು ಸಾಲು ಬಾಯಿಂದ ಬಂದ್ರೂ ಒಳಗೆ ಹಾಕ್ತೀನಿ."

"ಇವನಿಗೆ ಯಾರು ಅಳ್ತಾರೆ?" ಎಂದಳು ಕ್ರಿಸ್ತಾಲ್ಲೋ. "ಬೈತೀನಿ. ಬೈಯೋಕೂ ನಿಮ್ಮ ಅಪ್ಪಣೆ ಬೇಕಾ?"

ಪೆಪ್ಪಾಸ್ ನಕ್ಕ. "ಬೈಕೋ, ಬೈಕೋ. ಎಷ್ಟು ಬೇಕಾದ್ರೂ ಬೈಕೋ."

ಅವಳು ಹೇಸರಗತ್ತೆಯ ಪಕ್ಕದಲ್ಲಿ ನಡೆಯುತ್ತ ಶುರು ಮಾಡಿದಳು. ಇಳಿಯುವ ದಾರಿಯುದ್ದಕ್ಕೂ ಅವಳ ದನಿ ಬೆಟ್ಟಕ್ಕೆ ಬಡಿಯುತ್ತಿತ್ತು.

"ಮೊಂಡಾ! ಹುಟ್ಟುವಾಗ್ಲೇ ಅಮ್ಮನ್ನ ಸಾಯಿಸೋಕೆ ನೋಡ್ದೆ, ಈಗ ಪೂರ್ತಿ ಸಾಯಿಸ್ದೆ! ಕಿವಿ ಕೊಟ್ಟ ದೇವರು ನಿಂಗೆ ತಲೆ ಯಾಕೋ ಕೊಡ್ಲಿಲ್ಲ? ಆಲ್ಬೇನಿಯಾದಲ್ಲಿ ಬೆರಳು ಬಿಟ್ಟು ಬಂದೆ, ಕಾಲಾದ್ರೂ ಅಲ್ಲೇ ಬಿಡಬಾರ್ದಾಗಿತ್ತಾ, ಮನೇಲಿ ಬಿದ್ದಿರ್ತಿದ್ದೆ! ಬಂದೂಕು ಒರೆಸಿ ಕೊಟ್ಯಲ್ಲೋ ಪೆದ್ದಾ, ಕೊಟ್ಟಿದ್ದಕ್ಕೆ ಏನು ಸಿಕ್ತು? ಊಟ ಮುಟ್ದೆ ಹೋದ್ಯಲ್ಲೋ, ಆ ತಟ್ಟೆ ಅಮ್ಮ ಇನ್ನೂ ತೊಳ್ದಿಲ್ಲ ಕಣೋ!"

ಊರಿನ ಮೊದಲ ಮನೆಗಳು ಬಂದವು. ಹೆಂಗಸರು ಬಾಗಿಲಿಗೆ ಬಂದರು. ಮೊದಲು ಅವರಿಗೆ ಏನೆಂದು ಹೊಳೆಯಲಿಲ್ಲ, ಆಮೇಲೆ ಹೊಳೆಯಿತು. ಒಬ್ಬಳು ತನ್ನ ಬಾಗಿಲಿನಿಂದಲೇ, "ನಮ್ಮ ಹೋತ ತಿಂದು ಸಾಲ ಇಟ್ಟು ಹೋದ್ಯಲ್ಲೋ ಹೊಟ್ಟೆಬಾಕಾ!" ಎಂದಳು. ಇನ್ನೊಬ್ಬಳು, "ನಮ್ಮ ಬೇಲಿ ಸರಿ ಮಾಡ್ಕೊಡ್ತೀನಿ ಅಂದಿದ್ದೆ, ಸುಳ್ಳಾ!" ಎಂದು ಎದೆ ಬಡಿದುಕೊಂಡಳು. ಸಾವಿನ ಮನೆಯಲ್ಲಿ ಒಬ್ಬಳು ಎತ್ತಿದ ದನಿಗೆ ಉಳಿದವರು ದನಿ ಸೇರಿಸುವಂತೆ ಬೈಗುಳಕ್ಕೆ ಬೈಗುಳ ಸೇರಿತು.

ಲೆಂಗೋ ತನ್ನ ಮನೆಯ ಮೆಟ್ಟಿಲಿಳಿದು ಬಂದು ಹೇಸರಗತ್ತೆಗೆ ಅಡ್ಡ ನಿಂತಳು. ಜೋತುಬಿದ್ದ ತಲೆಯನ್ನು ಕೂದಲು ಹಿಡಿದು ಎತ್ತಿದಳು.

"ನನ್ನ ಮಗಳನ್ನ ಎಲ್ಲಿ ಬಿಟ್ಟು ಬಂದ್ಯೋ?" ಎಂದಳು. "ನೀರಿಂದ ಎತ್ತಿಕೊಂಡೋನೇ, ಯಾವ ಮಣ್ಣಿಗೆ ಹಾಕ್ದೆ ಅಂತಾನಾದ್ರೂ ಹೇಳಿ ಸಾಯಬಾರ್ದಾಗಿತ್ತಾ?"

ಅವಳದು ನಿಜವಾದ ಬೈಗುಳ. ಅದನ್ನು ಕ್ರಿಸ್ತಾಲ್ಲೋ ತಡೆಯಲಿಲ್ಲ. ಲೆಂಗೋ ಬಹಳ ಹೊತ್ತು ಆ ಮುಖ ನೋಡಿದಳು. ಆಮೇಲೆ ತನ್ನ ತಲೆವಸ್ತ್ರದ ತುದಿಯಿಂದ ಅವನ ಬಾಯಿಯ ಮಣ್ಣು ಒರೆಸಿ ಪಕ್ಕಕ್ಕೆ ಸರಿದಳು.

ಚೌಕ ಮುಟ್ಟುವ ಹೊತ್ತಿಗೆ ಇಡೀ ಊರು ಬೈಯುತ್ತಿತ್ತು. ಅಂದು ನಕ್ಕಿದ್ದ ಗಂಡಸರು ಕಾಫಿ ಅಂಗಡಿಯಲ್ಲಿ ಟೋಪಿ ತೆಗೆದು ನಿಂತಿದ್ದರು. ಪೆಪ್ಪಾಸನ ನಗು ಯಾವಾಗಲೋ ನಿಂತಿತ್ತು. ಇದು ಏನೆಂದು ಕುರಿಗಾರನ ಮಗನಿಗೆ ತಡವಾಗಿ ಅರ್ಥವಾಯಿತು.

"ಸಾಕು! ಬಾಯ್ಮುಚ್ಚಿ ಎಲ್ರೂ!"

ಕ್ರಿಸ್ತಾಲ್ಲೋ ಬಾಯಿ ಮುಚ್ಚಿದಳು. ಅವಳು ಎಲ್ಲವನ್ನೂ ಬೈದಿದ್ದಳು, ಒಂದನ್ನು ಬಿಟ್ಟು. ಆ ಒಂದನ್ನು ಬೈದಿದ್ದರೆ ಗಂಟೆ ಬದಲಾದದ್ದು ಕೈತಪ್ಪಿನಿಂದಲ್ಲ, ಬೇಕೆಂದೇ ಎಂದು ಪೆಪ್ಪಾಸನಿಗೆ ತಿಳಿಯುತ್ತಿತ್ತು, ಅಮ್ಮ ನೀರಿಲ್ಲದೆ ಸಾಯುತ್ತಿದ್ದಳು. ಅದು ಗಂಟಲಲ್ಲೇ ಉಳಿಯಿತು.

ಸಂಜೆಗೆ ಮುಂಚೆ ಅವಳು ಹಟ್ಟಿಗೆ ಮರಳಿದಳು. ಚೆದುರಿದ ಕುರಿಗಳು ತಾವಾಗಿಯೇ ಬಂದು ಬಾಗಿಲಲ್ಲಿ ನಿಂತಿದ್ದವು. ಚೀಲ ಹರವಿಕೊಂಡು ಒಂದೊಂದರ ಕೊರಳಿಂದ ಗಂಟೆ ಬಿಚ್ಚಿದಳು. ಕೊನೆಗೆ ಲಿಯಾರೋಸನ ಸರದಿ ಬಂತು. ಅಜ್ಜನ ಗಂಟೆ ಅದರ ಕೊರಳಿಗೆ ಭಾರವಾಗಿ, ಪಟ್ಟಿ ಚರ್ಮ ಉಜ್ಜಿತ್ತು. ಅದನ್ನು ಬಿಚ್ಚಿ, ನಾಲಗೆ ಅಲ್ಲಾಡದಂತೆ ಮುಷ್ಟಿಯೊಳಗೆ ಹಿಡಿದುಕೊಂಡಳು. ಇಳಿಜಾರಿನಲ್ಲಿ ಅವನು ಊರಿದ ಕೋಲು ಇನ್ನೂ ಅಲ್ಲೇ ಬಿದ್ದಿತ್ತು. ಅದರ ಕಡೆ ತಿರುಗಿ ಅವಳು ಮೆಲ್ಲಗೆ ಹೇಳಿದಳು:

"ಮರ್ತಿರ್ಲಿಲ್ಲ ಕಣೋ. ಓಡು ಅಂತ ಕಟ್ಟಿದ್ದೆ."